ಗಾಜಿನ ಕಪಾಟಿನ ಡ್ರಮ್ ಮೆಷಿನ್

ನಾನು ಉಗುಳು ನುಂಗಿದ್ದು ಎಲ್ಲರಿಗೂ ಕೇಳಿಸಿತೇನೋ, ಈ ಕೋಣೆಯೇ ಹಾಗೆ, ಅಣ್ಣ ಗೋಡೆಗೆಲ್ಲ ಸ್ಪಂಜು ಬಡಿದು ಸ್ಟುಡಿಯೋ ಮಾಡಿದ ಮೇಲೆ ಇಲ್ಲಿ ಗಂಟಲು ಕೂಡ ಗುಟ್ಟು ಬಿಟ್ಟುಕೊಡುತ್ತೆ, ಸದ್ಯ ಯಾರೂ ತಿರುಗಲಿಲ್ಲ, ಸಂಗೀತ ನಿರ್ದೇಶಕರು ಕಣ್ಣು ಮುಚ್ಚಿ ಸ್ಪೀಕರಿಗೆ ಕಿವಿ ಕೊಟ್ಟಿದ್ದಾರೆ, ಟಪ್, ಟಪ್, ನನ್ನ ಸ್ನೇರ್ ಡ್ರಮ್ಮಿನ ಪೆಟ್ಟು, ನಾನು ಕಂಪ್ಯೂಟರಲ್ಲಿ ಹುಟ್ಟಿಸಿದ ಸದ್ದು — ಇದಪ್ಪಾ ಅಸಲಿ ಅನ್ನುತ್ತಿದ್ದಾರೆ, ಆ ಹಳೇ ಮೆಷಿನ್ನಿಂದಲೇ ತೆಗೆದದ್ದಾ, ಹೌದು ಸರ್ ಅದರಿಂದಲೇ ಅಂತ ಅಣ್ಣ ಗಾಜಿನ ಕಪಾಟಿನ ಮೇಲೆ ಕೈ ಇಟ್ಟ, ಒಳಗಿರುವ ಡ್ರಮ್ ಮೆಷಿನ್ ಬಾಯಿ ಬಿಟ್ಟು ಎಷ್ಟು ವರ್ಷವಾಯಿತೋ, ರಿಪೇರಿಯವನೇ ಕೈ ಮುಗಿದಿದ್ದ, ಚಿಪ್ಪೇ ಸುಟ್ಟಿದೆ ಸ್ವಾಮಿ, ನೋಡೋಕೆ ಇಟ್ಟುಕೊಳ್ಳಿ ಅಂದಿದ್ದ. ಆಮೇಲೆ ತಾನೇ ಅಣ್ಣ ನನ್ನ ಹತ್ತಿರ ಬಂದದ್ದು, ಡಿಗ್ರಿ ಮುಗಿಸಿ ಸುಮ್ಮನೆ ಕೂತಿದೀಯಲ್ಲೇ, ಆ ಸದ್ದನ್ನ ಕಂಪ್ಯೂಟರಲ್ಲಿ ಹುಟ್ಟಿಸಿಕೊಡು, ನಿನ್ನ ಹೆಸರು ಹಾಕ್ತೀನಿ, ನಾನು ಕೇಳಿರಲಿಲ್ಲ, ಹೆಸರಿನ ಮಾತು ತೆಗೆದದ್ದು ಅವನೇ — ಆ ಮೆಷಿನ್ ಸರಿಯಿದ್ದಾಗ ತುಂಬಿಸಿಟ್ಟ ಹಳೇ ಕ್ಯಾಸೆಟ್ಟಿನ ಒಂದೊಂದು ಪೆಟ್ಟನ್ನೂ ಕೇಳಿ ಕೇಳಿ, ಮೊದಲು ಎರಡು ಸ್ವರ, ಒಂದು ದಪ್ಪ ಒಂದು ತೆಳು, ಚರ್ಮ ಅದುರಿದಂತೆ, ಮೇಲೆ ಸ್ಟೇಷನ್ ಸಿಗದ ರೇಡಿಯೋದ ಸುಯ್ ಅನ್ನೋ ಗದ್ದಲ, ಸ್ವರ ಬೇಗ ಸಾಯಬೇಕು, ಗದ್ದಲ ನಿಧಾನಕ್ಕೆ ಸಾಯಬೇಕು, ಅಷ್ಟೇ ಗುಟ್ಟು, ಅಷ್ಟಕ್ಕೇ ಜೀವ ಸಾಕಾಯಿತು, ಒಮ್ಮೆ ತಗಡಿನ ಡಬ್ಬದ ಸದ್ದು ಬಂತು, ಒಮ್ಮೆ ಬರೀ ಸೀನಿನದು, ಅಮ್ಮ ಬಾಗಿಲಲ್ಲಿ ನಿಂತು ಯಾರಿಗೇ ನೆಗಡಿ ಅಂದಿದ್ದಳು.

ನೋಡಿ, ಅನ್ನುತ್ತಾರೆ ನಿರ್ದೇಶಕರು, ಪೆಟ್ಟು ಬಿದ್ದ ಮೇಲೆ ಸುಯ್ ಅನ್ನೋದು ಕೂದಲೆಳೆಯಷ್ಟು ತಡವಾಗಿ ಬರುತ್ತೆ, ಹಳೇ ಮೆಷಿನ್ನಿನ ಗತ್ತು ಅದು, ಕಂಪ್ಯೂಟರಿಗೆಲ್ಲಿ ಬರಬೇಕು — ಬಂತಲ್ಲ, ನನ್ನ ಎಡವಟ್ಟು, ಗದ್ದಲದ ಶುರುವನ್ನ ಸ್ವರದ ಶುರುವಿಗೆ ಕೂಡಿಸೋಕೆ ಮರೆತಿದ್ದೆ, ಕ್ಯಾಸೆಟ್ಟಿನಲ್ಲಿ ಹಾಗಿಲ್ಲವೇ ಇಲ್ಲ, ಸರಿ ಮಾಡ್ತೀನಿ ಕೊಡು ಅಂದರೆ ಅಣ್ಣ ಕೊಡಲಿಲ್ಲ, ಇರಲಿ ಬಿಡೇ, ಚೆನ್ನಾಗೇ ಇದೆ ಅಂದ, ಎಷ್ಟು ಪ್ರೀತಿ ಅಂದುಕೊಂಡೆ, ಪೆದ್ದಿ, ಬೇಲಿ ಎದ್ದು ಹೊಲ ಮೇಯುವಾಗ ಬೇಲಿಗೇ ನೀರು ಹಾಕುತ್ತಿದ್ದೆ. ಒಮ್ಮೆ ಆನ್ ಮಾಡ್ತೀರಾ, ನೋಡೋಣ, ಅಂತ ನಿರ್ದೇಶಕರು, ಈಗ ಬೇಡ ಸರ್, ತುಂಬ ನಾಜೂಕು, ರೆಕಾರ್ಡ್ ಮಾಡುವಾಗ ನಮ್ಮ ತಂಗಿ ಪಕ್ಕದಲ್ಲೇ ಇದ್ದಳು, ಅವಳನ್ನೇ ಕೇಳಿ, ಅಲ್ವೇನೇ ಪುಟ್ಟಿ — ಕೈ ಇನ್ನೂ ಗಾಜಿನ ಮೇಲೆ. ಕದ್ದದ್ದಲ್ಲದೆ ಸಾಕ್ಷಿಗೂ ನಾನೇ ಬೇಕು. ಅವನಿಗೆ ಗೊತ್ತು, ಬಾಯಲ್ಲಿ ಬೆರಳಿಟ್ಟರೂ ಕಚ್ಚಲು ಬರದವಳು, ಬಸ್ಸಲ್ಲಿ ಸ್ಟಾಪ್ ಬಂತು ಅಂತ ಕೂಗೋಕೂ ಇವನನ್ನೇ ತಿವಿಯುತ್ತಿದ್ದವಳು, ತಲೆ ಆಡಿಸಿದರೆ ಸಾಕು, ಮನೆಗೆ ಹೋಗಿ ಡೈರಿಯಲ್ಲಿ ಬೈದು ಬರೆದರಾಯಿತು, ಯಾವಾಗಲೂ ಹಾಗೇ ತಾನೆ, ಟಪ್, ಸುಯ್, ಕೈ ಗಾಜಿನ ಮೇಲೆ, ಉಂಗುರ ಗಾಜಿಗೆ ತಾಕುತ್ತಿದೆ, ಅಲ್ವೇನೇ, ಕೈ, ಗಾಜು, ಕೈ —

ಆ ತಡ ಮೆಷಿನ್ನಿನದಲ್ಲ ಸರ್, ನಾನು ಮಾಡಿದ ತಪ್ಪು, ಅಂದೆ.