ಮೂರನೇ ಪಂಪಿನ ಹಸಿರು ಗೆರೆ

ದಡದ ಮೇಲಿನ ತಣ್ಣನೆಯ ಕೋಣೆಯಲ್ಲಿ ಕೂತು, ನಡುಗಡಲಿನ ತೈಲ ಪ್ಲಾಟ್‌ಫಾರಂನ ಯಂತ್ರಗಳನ್ನು ಪರದೆಯ ಮೇಲೆ ಕಾಯುವುದು ನನ್ನ ಕೆಲಸ. ಅಲ್ಲೇ ಉಪ್ಪುಗಾಳಿಗೆ ಮೈಯೊಡ್ಡಿ ಅವನ್ನು ರಿಪೇರಿ ಮಾಡುವುದು ನಮ್ಮಣ್ಣನ ಕೆಲಸ. ಮರ್ಯಾದೆ ಮಾತ್ರ ನನಗೇ ಜಾಸ್ತಿ.

ಸಮುದ್ರದ ನೀರೆತ್ತುವ ಮೂರನೇ ಪಂಪು ಹುಟ್ಟು ಮೊಂಡ. ಉಪ್ಪು ತಿಂದ ಅದರ ಹಳೇ ಮೈ ಆಗಾಗ ನಡುಗಿ, ಅದುರುವಿಕೆ ಅಳೆಯುವ ಸೆನ್ಸರ್ ಸಣ್ಣದಕ್ಕೂ ಕೆಂಪು ತೋರಿಸುತ್ತಿತ್ತು. ಕೆಂಪು ಕಂಡರೆ ಸಾಕು, ನಮ್ಮ ಕೋಣೆಯಿಂದ ಫೋನು. ಅಲ್ಲಿ ಪಂಪು ನಿಲ್ಲಿಸಬೇಕು, ಕಾರಣ ಬರೆಯಬೇಕು. ಆಮೇಲೆ ಒಮ್ಮೆಗೇ ಕೆಂಪು ನಿಂತು, ಪರದೆಯ ಮೇಲೆ ಬರೀ ಹಸಿರು ಗೆರೆ ಓಡತೊಡಗಿತು. ರಜೆಗೆ ಬಂದ ಅಣ್ಣ ಊಟದ ಮಧ್ಯೆ ನಗುತ್ತ ಗುಟ್ಟು ಬಿಟ್ಟ.

"ನಿಮ್ಮ ಕಾಟ ತಡೀಲಾರದೆ ಆ ಸೆನ್ಸರ್ ಬಿಚ್ಚಿ ಪಕ್ಕದ ಹೊಸ ಪಂಪಿಗೆ ಅಂಟಿಸಿದ್ವಿ ಕಣೇ. ಮೂರನೇದನ್ನ ನಾವೇ ದಿನಾ ಕಿವಿಗೊಟ್ಟು ಕೇಳಿ, ಗ್ರೀಸು ಹಾಕಿ ಸಂಭಾಳಿಸ್ತೀವಿ."

ನಾನೂ ನಕ್ಕೆ.

ಮುಂದಿನ ವರ್ಷದ ಸಭೆಯಲ್ಲಿ ಮ್ಯಾನೇಜರ್ ಅದೇ ಹಸಿರು ಗೆರೆ ತೋರಿಸಿ, "ತಕರಾರಿನ ಪಂಪೇ ಇಷ್ಟು ಸಾಧುವಾಗಿದೆ. ಅಲ್ಲಿ ಅಷ್ಟೊಂದು ಜನ ಯಾಕೆ?" ಅಂದರು. ಕೆಲಸದಿಂದ ತೆಗೆದು ಮನೆಗೆ ಕಳಿಸಬೇಕಾದವರ ಪಟ್ಟಿಯಲ್ಲಿ ಅಣ್ಣನೇ ಮೊದಲಿಗ. ಸಭೆ ಮುಗಿದದ್ದೇ ತಡ, ಅವನಿಗೆ ಫೋನು ಮಾಡಿದೆ.

"ನಿಜ ಹೇಳ್ಬಿಡ್ಲಾ?"

"ಹೇಳಿದ್ರೆ ಎಲ್ಲರನ್ನೂ ಮೋಸಗಾರರು ಅಂತ ಓಡಿಸ್ತಾರೆ. ಉಳಿಯೋರಾದ್ರೂ ಉಳೀಲಿ. ಬಾಯಿ ಮುಚ್ಕೊಂಡಿರು."

ಮುಚ್ಚಿಕೊಂಡಿದ್ದೆ. ಅಣ್ಣ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದ. ಇಡೀ ಪ್ಲಾಟ್‌ಫಾರಂನ ಕೆಲಸ ಉಳಿದ ಅರ್ಧ ಜನರ ತಲೆಗೆ ಬಿದ್ದಮೇಲೆ ಆ ಪಂಪಿಗೆ ಕಿವಿಗೊಡಲು ಯಾರಿಗೆ ಪುರುಸೊತ್ತು? ಗ್ರೀಸಿಲ್ಲದೆ ಬೇರಿಂಗ್ ಸುಟ್ಟು ಪಂಪು ನಿಂತೇಬಿಟ್ಟಿತು. ನನ್ನ ಪರದೆಯಲ್ಲಿ ಆಗಲೂ ಹಸಿರೇ.

ವಿಚಾರಣೆಗೆ ಹೋದವರಿಗೆ ಸೆನ್ಸರ್ ಎಲ್ಲಿ ಅಂಟಿದೆ ಅಂತ ಕಾಣಲು ಕನ್ನಡಕವೂ ಬೇಕಾಗಲಿಲ್ಲ. "ಯಂತ್ರ ಸುಳ್ಳು ಹೇಳಲಿಲ್ಲ, ಮನುಷ್ಯರು ಹೇಳಿದರು," ಅಂದರು ಮ್ಯಾನೇಜರ್. ಆ ಪಂಪನ್ನು ಅಷ್ಟು ದಿನ ಉಸಿರಾಡಿಸಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಉಳಿದ ಮೆಕ್ಯಾನಿಕ್‌ಗಳನ್ನೂ ಮನೆಗೆ ಕಳಿಸಿದರು. ಪಂಪಿಗೊಂದು ಕ್ಯಾಮೆರಾ ಬಂತು, ನನಗೆ ಇನ್ನೊಂದು ಪರದೆ ಬಂತು.

ಅಣ್ಣನ ಜೊತೆ ಹೆಗಲಿಗೆ ಹೆಗಲು ಕೊಟ್ಟು ದುಡಿದವರು ಈಗ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ. ಆಫೀಸಿನಲ್ಲಿ ಕೂತ ತಂಗಿಯೇ ಚಾಡಿ ಹೇಳಿದಳು ಅನ್ನುವುದು ಅವರ ಮಾತು.

ಮೊನ್ನೆ ಊಟಕ್ಕೆ ಕೂತಾಗ ಅಣ್ಣ ತಟ್ಟೆಯಿಂದ ತಲೆ ಎತ್ತದೆ ಕೇಳಿದ.

"ನೀನು ಹೇಳ್ಲಿಲ್ಲ ತಾನೇ?"