ಶಾಂತಕ್ಕನ ಸಂಚಿ

ರೂಪಾ ಅಂಗನವಾಡಿಗೆ ಹೋಗುತ್ತಿದ್ದಳು, ಇಲ್ಲವೆನ್ನುವಂತಿಲ್ಲ. ಆದರೆ ಅಜ್ಜಿ ಶಾಂತಕ್ಕ ಬಾಗಿಲಲ್ಲಿ ಕೂತಿರಬೇಕು, ಅವಳ ಸೆರಗಿನ ತುದಿ ತನ್ನ ಮುಷ್ಟಿಯಲ್ಲಿರಬೇಕು. ಸೆರಗು ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೇ ಅವಳ ಸಾಲೆ. ಅಡುಗೆಗೆ ಹೊತ್ತಾಯಿತೆಂದು ಅಜ್ಜಿ ಎದ್ದರೆ ಮೊಮ್ಮಗಳೂ ಎದ್ದು ಹಿಂದೆಯೇ ಹೊರಡುತ್ತಿದ್ದಳು. ಮಕ್ಕಳನ್ನು ಮನೆಗೆ ಬಿಡುವಾಗ ಟೀಚರ್ ಲಲಿತಾ ಎಲ್ಲರ ಕೈಗೂ ಶೇಂಗಾ ಚಿಕ್ಕಿ ಕೊಡುತ್ತಿದ್ದಳು. ಕೊನೆಯವರೆಗೆ ಕೂತವರಿಗೆ ಮಾತ್ರ. ರೂಪಾಳಿಗೆ ಅದರ ರುಚಿಯೇ ಗೊತ್ತಿರಲಿಲ್ಲ.

ಈಗ ಫಜೀತಿ ಬಂದಿತ್ತು. ಸೋಮವಾರ ಕಣ್ಣಿನ ಶಿಬಿರದ ಗಾಡಿ ಕುಕನೂರಿಗೆ ಬಂದು ಶಾಂತಕ್ಕನನ್ನು ಕೊಪ್ಪಳಕ್ಕೆ ಕರೆದೊಯ್ಯಲಿತ್ತು. ಮಗ ವಿರುಪಣ್ಣ, ಸೊಸೆ ಇಬ್ಬರೂ ಹೊಲಕ್ಕೆ ಹೋಗುವವರು. ಹುಡುಗಿ ಒಬ್ಬಳೇ ಅಂಗನವಾಡಿಯಲ್ಲಿ ನಿಲ್ಲದಿದ್ದರೆ ಆಪರೇಶನ್ ಮತ್ತೆ ಮುಂದಕ್ಕೆ. ಹೋದ ಸಲವೂ ಹೀಗೇ ಆಗಿತ್ತು. ಅಷ್ಟರಲ್ಲಿ ಶಾಂತಕ್ಕನ ಬಲಗಣ್ಣು ಪೂರ್ತಿ ಮಂಜಾಗಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು.

ಆ ಶುಕ್ರವಾರ ಬೆಳಗಿನಿಂದ ಮಳೆ. ಅಂಗಳ ಕೆಸರಾಗಿ, ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದು ಜುಟ್ಟು ಜಗ್ಗಾಟಕ್ಕೆ ನಿಂತಿದ್ದರು. ಲಲಿತಾ ಸುತ್ತ ನೋಡಿದಳು. ಅವಳ ಕಣ್ಣು ಶಾಂತಕ್ಕನ ಟೊಂಕದ ಮೇಲೆ ನಿಂತಿತು.

"ಶಾಂತಕ್ಕ, ನಿಮ್ಮ ಸಂಚಿ ಒಂದೀಟು ಕೊಡ್ರಿ. ಒಳಗ ಏನರ ಹಾಕಿ, ಹುಡುಗರ ಕಣ್ಣು ಕಟ್ಟಿ, ಕೈಲೆ ಮುಟ್ಟಿ ಏನಂತ ಹೇಳ್ರಿ ಅಂತೀನಿ."

ಎಲೆ ಅಡಿಕೆಯ ಸಂಚಿ! ಜೀವ ಕೇಳಿದರೆ ಕೊಟ್ಟಾಳು, ಅದನ್ನಲ್ಲ. ಸುಣ್ಣ ತಾಗಿ ಬಾಯಿ ಸುಟ್ಟೀತೆಂದು ಮೊಮ್ಮಗಳಿಗೂ ಅದನ್ನು ಮುಟ್ಟಗೊಟ್ಟವಳಲ್ಲ. ಆದರೂ ಮಕ್ಕಳ ಗದ್ದಲ ತಾಳಲಾರದೆ ಎಲೆ, ಅಡಿಕೆ, ಸುಣ್ಣದ ಡಬ್ಬಿ ತೆಗೆದು, ಜಾಡಿಸಿ ಕೊಟ್ಟಳು.

ಆಟ ಶುರುವಾಯಿತು. ಪುಟ್ಟ ಆಂಜನೇಯ ಒಳಗಿನ ಹುಣಸೆಬೀಜ ಮುಟ್ಟಿ "ಹುಳಾ!" ಎಂದು ಕಿರುಚಿ ಕೈ ಕೊಡವಿದ. ಕೋಣೆಯೆಲ್ಲ ನಗು. ದೀಪಿಕಾ ಅಂಗಿಯ ಗುಂಡಿಯನ್ನು ಕಡಲೆ ಎಂದಳು. ಆಗ ಶಾಂತಕ್ಕನಿಗೆ ತನ್ನ ಸೆರಗು ಹಗುರಾದಂತೆ ಅನಿಸಿತು. ಕೈಯಾಡಿಸಿ ನೋಡಿದರೆ ತುದಿಯಲ್ಲಿ ಯಾರೂ ಇರಲಿಲ್ಲ.

ರೂಪಾ ಕಣ್ಣು ಕಟ್ಟಿಸಿಕೊಂಡು ಸಂಚಿಯೊಳಗೆ ಕೈ ಇಳಿಸಿದ್ದಳು. ಇಷ್ಟು ದಿನ ಹೊರಗಿನಿಂದಲೇ ನೋಡಿದ್ದ ಆ ಸಂಚಿ! ಮೊದಲ ಕಿಸೆ ದಾಟಿದಳು, ಎರಡನೆಯದನ್ನೂ ದಾಟಿದಳು.

"ಅಕ್ಕೋರ, ಒಳಗ ಇನ್ನೊಂದು ಕಿಸೆ ಐತ್ರಿ!" ಎಂದು ಟೀಚರಿಗೆ ಕೂಗಿ ಹೇಳಿ, ಬೆರಳಿಗೆ ಸಿಕ್ಕಿದ್ದನ್ನು ಮೂಸಿದಳು. "ಲವಂಗ!"

ಅದನ್ನು ಯಾರೂ ಹಾಕಿರಲಿಲ್ಲ. ಎಂದಿನದೋ, ಶಾಂತಕ್ಕನೇ ಮರೆತದ್ದು.

ಕಟ್ಟಿದ ಬಟ್ಟೆ ಬಿಚ್ಚದೆಯೇ ರೂಪಾ ಕೇಳಿದಳು, "ಅಜ್ಜೀ, ಡಾಕ್ಟರು ನಿನ್ನ ಕಣ್ಣೂ ಹಿಂಗ ಕಟ್ತಾರೇನು?"

"ಹೂಂ, ಕಟ್ತಾರವ್ವಾ."

"ಹಂಗಾರ ನೀನೂ ಆಟ ಆಡಬೇಕು. ಸಂಚಿ ನನ್ ಕಡೆ ಇರಲಿ. ನಾ ಏನರ ಹಾಕಿ ಕಳಸ್ತೀನಿ."

"ಏನ ಹಾಕ್ತಿ?"

"ಹೇಳಂಗಿಲ್ಲ!"

ಸೋಮವಾರ ರೂಪಾ ಏಳುವ ಮೊದಲೇ ಗಾಡಿ ಬಂತು. ಟೊಂಕದಲ್ಲಿ ಸಂಚಿ ಇಲ್ಲದೆ ಶಾಂತಕ್ಕನಿಗೆ ಮೈಮೇಲೆ ಏನೋ ಇಲ್ಲದಂತೆ ಕಸಿವಿಸಿ. ಆಪರೇಶನ್ ಮುಗಿದು, ಕಣ್ಣಿಗೆ ಪಟ್ಟಿ ಬಿದ್ದು ಮಲಗಿದಾಗಲೂ ಒಂದೇ ಚಿಂತೆ. ಹುಡುಗಿ ಅತ್ತಳೋ, ಕೂತಳೋ? ಹೊಲದಿಂದ ಸೊಸೆಯನ್ನು ಓಡಿಬರುವಂತೆ ಮಾಡಿದಳೋ?

"ಕೂಸು ಆರಾಮ ಇರತೈತಿ, ಸುಮ್ನ ಮಲಕ್ಕೋರಿ," ಎಂದಳು ಪಕ್ಕದ ಮಂಚದ ಹಜರತಬೀ.

ಸಂಜೆ ವಿರುಪಣ್ಣ ಬಂದ. ಅವನ ಚಪ್ಪಲಿ ಸಪ್ಪಳ ಕೇಳುತ್ತಲೇ ಶಾಂತಕ್ಕ ಕೇಳಿದಳು, "ರೂಪಾ ಅತ್ತಳೇನೋ?"

"ನಾ ಹೇಳಂಗಿಲ್ಲಬೇ. ಆಣೆ ಮಾಡಿಸ್ಯಾಳ. ನೀನ ಕೈ ಹಾಕಿ ನೋಡಬೇಕಂತ."

ಸಂಚಿ ಮಡಿಲಿಗೆ ಬಂತು. ಮೊದಲ ಕಿಸೆ ಖಾಲಿ, ಎರಡನೆಯದೂ ಖಾಲಿ. ಹಜರತಬೀ ಎದ್ದು ಕೂತು ಕತ್ತು ಚಾಚಿದಳು. ಮೂರನೆಯದರಲ್ಲಿ ಏನೋ ಚಪ್ಪಟೆ, ಅಂಟಂಟು. ಒಂದು ಕಡೆ ಅಂಚು ನೆಟ್ಟಗಿತ್ತು. ಇನ್ನೊಂದು ಕಡೆ ಸಣ್ಣ ಹಲ್ಲುಗಳ ಗುರುತು ಸಾಲಾಗಿ ಬೆರಳಿಗೆ ತಾಗಿದವು.

ಶಾಂತಕ್ಕನ ಬೆರಳು ಆ ಗುರುತುಗಳ ಮೇಲೆ ಮತ್ತೆ ಮತ್ತೆ ಓಡಾಡಿತು.

"ಅರ್ಧ ಚಿಕ್ಕಿ," ಎಂದಳು. "ಮನಿಗೆ ಬಿಡೂತನಕ ಕುಂತಾಳ ನನ್ನವ್ವ!"