ತುಪ್ಪ ಬಿದ್ದ ಮಲೀದಾ

೧

ಅವಲಕ್ಕಿಯಿಂದ ಶುರು ಮಾಡಲೋ, ಹುಡುಗಿಯಿಂದಲೋ? ಅವಲಕ್ಕಿಯಿಂದ ಶುರು ಮಾಡಿದರೆ ಇದು ಅಡುಗೆ ಪುಸ್ತಕ ಅಂದುಕೊಂಡೀರಿ. ಹುಡುಗಿಯಿಂದಾದರೆ ಮೊದಲು ಅವಳ ಮುತ್ತಜ್ಜಿ ಬರಬೇಕು, ಮುತ್ತಜ್ಜಿಗೆ ಹುಬ್ಬಳ್ಳಿ ಬೇಕು, ಹುಬ್ಬಳ್ಳಿ ಅಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ನೀವೇ ಹೇಳಿ. (ಹೇಳುವುದಿಲ್ಲ. ಓದುವವರ ಸುಖವೇ ಅದು.)

ಮೊದಲ ಡ್ರಾಫ್ಟು ಹೀಗಿತ್ತು: ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟಿನ ಅಂಗಡಿಯಲ್ಲಿ ನಾನು ಅವಲಕ್ಕಿ ಪ್ಯಾಕೆಟ್ಟಿಗೆ ಕೈ ಹಾಕಿದಾಗ ಪಕ್ಕದ ಹೆಂಗಸು, ಮಲೀದಾ ಮಾಡಲು ದಪ್ಪದ್ದು ಬೇಕೋ ತೆಳ್ಳಗಿನದೋ ಎಂದು ಕೇಳಿದಳು.

ನನ್ನ ಮಗಳು ಹರ್ಷಿಣಿ ಇಣುಕಿ ಓದಿ ನಕ್ಕಳು. "ಅವ್ವಾ, ಟೆಕ್ಸಾಸಿನಾಗ, ಅದೂ ಅವಲಕ್ಕಿ ರ‍್ಯಾಕ್ ಮುಂದ, ನಿನ್ನ ಹಳೇ ನೆರೆಮನಿ ಸಾರಾಬಾಯಿ ಮೊಮ್ಮಗಳು ಸಿಕ್ಕಳಂದ್ರ ಯಾರು ನಂಬ್ತಾರ? ಪಕ್ಕಾ ಸಿನಿಮಾ."

"ಸಿಕ್ಕಿದ್ದು ಖರೇ ಅಲ್ಲೇನ?"

"ಖರೇ ಇದ್ರ ಕಥೀಗೆ ಏನುಪಯೋಗ?"

ಹಾಗಾಗಿ ಆ ಭೇಟಿಯನ್ನು ಹೊಡೆದುಹಾಕಿದ್ದೇನೆ. ನೀವು ಓದಿಲ್ಲ ಅಂದುಕೊಳ್ಳಿ. ಹೇಗೋ ಭೇಟಿಯಾದೆವು. ಆ ಹೆಂಗಸು ನವೋಮಿ, ಡಲ್ಲಾಸಿಗೆ ಅಂಟಿದ ನಮ್ಮ ಪ್ಲೇನೋದವಳೇ. ಅವಳ ಮಗಳು ತಾಲ್ಯಾ ಹೈಸ್ಕೂಲಿನಲ್ಲಿದ್ದಾಳೆ. ಕಥೆ ಅವಳದು.

೨

ಹುಬ್ಬಳ್ಳಿ. ತಡೆಯಿರಿ, ಬೇಗ ಮುಗಿಸುತ್ತೇನೆ.

ನಮ್ಮ ಗೋಡೆಗೆ ಗೋಡೆ ಅಂಟಿದ ಮನೆ ಸಾರಾಬಾಯಿಯದು. ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕೊಂಕಣದ ಕಡೆಯಿಂದ ಬಂದ ಯೆಹೂದ್ಯರು, ಬೆನೆ ಇಸ್ರಾಯೇಲಿಗಳು. ಮನೆಯೊಳಗೆ ಮರಾಠಿ, ಓಣಿಯಲ್ಲಿ ಕನ್ನಡ, ದೇವರೊಡನೆ ನಮಗ್ಯಾರಿಗೂ ತಿಳಿಯದ ಹೀಬ್ರೂ. ಶುಕ್ರವಾರ ಸಂಜೆ ಅವರಲ್ಲಿ ದೀಪ ಹೊತ್ತಿದರೆ ನಮ್ಮವ್ವ, "ಅವರು ಹಚ್ಚಿದ್ರು, ನೀವಿನ್ನೂ ಆಡ್ಲಿಕ್ಕೇ ಹತ್ತೀರಿ," ಎಂದು ನಮ್ಮನ್ನು ಬೈಯುತ್ತಿದ್ದಳು. ಆ ಮನೆಯಿಂದ ಯಾರಾದರೂ ದೂರ ಹೊರಟರೆ ಸಾರಾಬಾಯಿ ಮಲೀದಾ ಮಾಡುತ್ತಿದ್ದಳು: ನೆನೆಸಿದ ಅವಲಕ್ಕಿ, ಬೆಲ್ಲ, ಕಾಯಿತುರಿ, ಏಲಕ್ಕಿ, ತಾಟಿನ ಸುತ್ತ ಹಣ್ಣು. ಏಲಿಯಾ ಪ್ರವಾದಿ ದಾರಿ ಕಾಯುತ್ತಾನೆ ಎನ್ನುತ್ತಿದ್ದಳು. ಕಲಸುವಾಗ ಅವಳ ಬಳೆ ತಾಟಿನ ಅಂಚಿಗೆ ತಾಗುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ನಾನು ಅವರ ಹೊಸ್ತಿಲಲ್ಲಿ.

(ಇಲ್ಲಿ ನಾಲ್ಕು ಪುಟ ಹರಿದುಹಾಕಿದ್ದೇನೆ. ನೀವು ಬಚಾವಾದಿರಿ.)

ಈಗ ತಾಲ್ಯಾ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ನಿನ ಯೆಹೂದಿ ಮಕ್ಕಳನ್ನು ಈ ಬೇಸಿಗೆಯಲ್ಲಿ ಪೋಲೆಂಡಿಗೂ ಲಿಥುವೇನಿಯಾಕ್ಕೂ ಕರೆದೊಯ್ಯುತ್ತಾರೆ, ಪೂರ್ವಜರ ಊರು ನೋಡಲು. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಕ್ಲಾಸು. ಕೊನೆಯ ಕ್ಲಾಸಿಗೆ ಪ್ರತಿಯೊಬ್ಬರೂ ತಮ್ಮ ಮನೆತನದ ಒಂದು ವಸ್ತುವೋ ತಿನಿಸೋ ತಂದು ಮೇಜಿನ ಮೇಲಿಡಬೇಕು.

"ಎಲ್ಲಾರ ಅಜ್ಜಂದಿರ ಊರೂ ಆ ಯುರೋಪ್ ಮ್ಯಾಪಿನಾಗ ಅದಾವ," ಎಂದಳು ತಾಲ್ಯಾ. "ನಾ ಯಾರ ಊರು ನೋಡ್ಲಿಕ್ಕೆ ಹೋಗ್ಲಿ? ನಾ ಅವರ ಪೈಕಿ ಅಲ್ಲ ಅಂತ ಅನಿಸ್ತದ. ಭಾನುವಾರ ಇಡ್ಲಿಕ್ಕೆ ಏನೂ ಸಿಗ್ಲಿಲ್ಲಂದ್ರ ಟ್ರಿಪ್ಪಿನಿಂದ ಹೆಸರು ತೆಗೆಸ್ತೀನಿ."

ಇದನ್ನು ಹರ್ಷಿಣಿ ಓದಿ ಹೇಳಿದಾಗ ತಾಲ್ಯಾ ಸಿಡಿದಳು: "ಅಜ್ಜಿ, ನಾನು ಹೇಳಿದ್ದು ಇಂಗ್ಲಿಷಿನಲ್ಲಿ! ದಟ್ ಈಸ್ ನಾಟ್ ಮೀ."

"ನಿನ್ನ ಮುತ್ತಜ್ಜಿ ಹಿಂಗ ಮಾತಾಡ್ತಿದ್ದಳವಾ," ಎಂದೆ.

ಹರ್ಷಿಣಿಯಿಂದ ಇನ್ನೊಮ್ಮೆ ಓದಿಸಿಕೊಂಡು, "ಓಕೆ, ಇಟ್ಕೋ," ಎಂದಳು. (ಇದನ್ನೂ ಇಂಗ್ಲಿಷಿನಲ್ಲೇ. ಮುಂದೆ ಬರುವ ಮಕ್ಕಳೆಲ್ಲರೂ ಹುಬ್ಬಳ್ಳಿಯವರ ಹಾಗೆ ಮಾತಾಡುತ್ತಾರೆ. ಸಹಿಸಿಕೊಳ್ಳಿ.)

ನವೋಮಿ ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡವಳು, ಮಲೀದಾ ಎಂಬ ಹೆಸರಷ್ಟೇ ಅವಳಿಗೆ ಉಳಿದದ್ದು. ಯೂಟ್ಯೂಬಿನಲ್ಲಿ ಸಿಗುವುದಿಲ್ಲವೇ ಅಂತೀರಿ. ಸಿಗುತ್ತದೆ. ತಾಲ್ಯಾಗೆ ತಮ್ಮ ಮನೆಯದು ಬೇಕಿತ್ತು. ಅದನ್ನು ತಿಂದವರಲ್ಲಿ ಕೈಗೆ ಸಿಕ್ಕವಳು ನಾನೊಬ್ಬಳೇ.

ಭಾನುವಾರ

ನವೋಮಿಗೆ ಡ್ಯೂಟಿ. ಹರ್ಷಿಣಿ ಡ್ರೈವ್ ಮಾಡಿದಳು. ಹಿಂದಿನ ಸೀಟಿನಲ್ಲಿ ತಾಲ್ಯಾ ನಾನು ಕಲಸಿಕೊಟ್ಟ ಮಲೀದಾದ ತಾಟನ್ನು ತೊಡೆಯ ಮೇಲಿಟ್ಟುಕೊಂಡು, ಬ್ರೇಕ್ ಬಿದ್ದಾಗಲೆಲ್ಲ ಕೂಸನ್ನು ಹಿಡಿದ ಹಾಗೆ ಹಿಡಿಯುತ್ತಿದ್ದಳು.

ಡಲ್ಲಾಸಿನ ಸಭಾಂಗಣದಲ್ಲಿ ಮಕ್ಕಳ ಊಟ ಆಗಲೇ ಮುಗಿಯುತ್ತಿತ್ತು, ಹೊಗೆಯಲ್ಲಿ ಬೇಯಿಸಿದ ಟೆಕ್ಸಾಸಿನ ಬ್ರಿಸ್ಕೆಟ್, ಅಂದರೆ ದನದ ಎದೆಮಾಂಸ. ನಾನು ಕಿಟಕಿಯ ಬಳಿ ಕುಳಿತೆ. ಮೇಜಿನ ಮೇಲೆ ದೀಪದ ಕಂಬ, ಫೋಟೋಗಳು, ಆಸ್ಟಿನ್ ಹುಡುಗಿಯ ಜೇನಿನ ಕೇಕು. ತಾಲ್ಯಾ ತನ್ನ ತಾಟನ್ನು ತುದಿಯಲ್ಲಿಟ್ಟಳು. ಟೀಚರ್ ಡೆಬ್ರಾ ಬಂದು ಮೂಸಿ, "ಅಬ್ಬಾ, ಏನು ಪರಿಮಳ! ಹಾಲು-ಗೀಲು ಏನೂ ಇಲ್ಲಲ್ಲ?" ಎಂದಳು.

"ಹಾಲೆಲ್ಲಿದು?" ಎಂದೆ ಹೆಮ್ಮೆಯಿಂದ. "ಮೇಲೊಂದು ಚಮಚ ತುಪ್ಪ ಅಷ್ಟ. ಶುದ್ಧ ಆಗ್ಲಿ ಅಂತ."

ಹರ್ಷಿಣಿ ಇಂಗ್ಲಿಷಿಗೆ ತಿರುಗಿಸುತ್ತಿದ್ದವಳು ತುಪ್ಪದ ಹತ್ತಿರ ನಿಂತುಬಿಟ್ಟಳು.

ನಮ್ಮಲ್ಲಿ ತುಪ್ಪದ ಹನಿ ಬೀಳದೆ ಅನ್ನ ನೈವೇದ್ಯವಾಗುವುದಿಲ್ಲ. ಅವರಲ್ಲಿ ತುಪ್ಪವೂ ಹಾಲಿನ ಕುಲದ್ದೇ, ಮಾಂಸ ಉಂಡ ಬಾಯಿಗೆ ಅದು ಸಲ್ಲದು. ಸಾರಾಬಾಯಿ ಮಲೀದಾಕ್ಕೆ ತುಪ್ಪ ಹಾಕಿದವಳೇ ಅಲ್ಲ. ನೆನಪು ಅವಳದಿತ್ತು, ಕೈ ಮಾತ್ರ ನಮ್ಮವ್ವನದಾಗಿತ್ತು.

ಇಲ್ಲಿ ಒಂದು ಮುಗಿತಾಯ ಬರೆದಿದ್ದೆ: ಡೆಬ್ರಾ ನಕ್ಕು ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಾಳೆ, ಎಲ್ಲರೂ ಚಪ್ಪಾಳೆ. ತಾಲ್ಯಾ ಒಪ್ಪಲಿಲ್ಲ. "ಅಜ್ಜಿ, ಹಂಗ ನೇಮ ಮುರಿದು ತಿನ್ನೋರಾಗಿದ್ರ ಅವರ ಜೋಡಿ ಆ ಟ್ರಿಪ್ಪಿಗೆ ಯಾಕ ಹೋಗ್ಬೇಕು?"

ಇನ್ನೊಂದು: ತಾಲ್ಯಾ ತಾಟು ಎತ್ತಿಕೊಂಡು ಹೊರಗೆ ಹೋಗಿ ತಾಯಿಗೆ ಫೋನ್ ಮಾಡುತ್ತಾಳೆ, ಹೆಸರು ತೆಗೆಸು ಎಂದು. ಇದು ಸುಳ್ಳಲ್ಲ. ಅವಳು ತಾಟು ಎತ್ತಿಯೇಬಿಟ್ಟಿದ್ದಳು. ಕಿವಿ ಕೆಂಪಾಗಿತ್ತು.

೪ (೩ ಎಲ್ಲಿ ಹೋಯಿತೋ ಕಾಣೆ)

"ಏ, ಎಲ್ಲಿಗೆ ಒಯ್ತಿ?" ಎಂದ ಹ್ಯೂಸ್ಟನ್ನಿನ ಹುಡುಗ. "ಕಾಯೋಣ. ಮಾಂಸ ಉಂಡು ಮೂರು ತಾಸು ಆದ್ರ ತುಪ್ಪ ತಿನ್ನಬಹುದು. ನಮ್ಮ ಅಜ್ಜನ ಮನ್ಯಾಗ ಅಷ್ಟ. ಜರ್ಮನಿಯವರು."

"ಮೂರಾ?" ಆಸ್ಟಿನ್ ಹುಡುಗಿ ಕಣ್ಣರಳಿಸಿದಳು. "ನಮ್ಮಲ್ಲಿ ಆರು. ನಮ್ಮಜ್ಜಿ ಗಡಿಯಾರದ ಮುಂದ ಕುಂತು ಕಾಯ್ತಾಳ."

"ಡಚ್ಚರು ನಾವು. ಒಂದ ತಾಸು," ಎಂದಿತು ಹಿಂದಿನಿಂದ ಇನ್ನೊಂದು ದನಿ.

"ಅದು ಚೀಟಿಂಗ್!"

ಡೆಬ್ರಾ ತಿಂಗಳುಗಟ್ಟಲೆ ಸ್ಲೈಡ್ ತೋರಿಸಿದಾಗ ಇವರು ಫೋನು ನೋಡುತ್ತಿದ್ದರಂತೆ. ಈಗ ನಮ್ಮಜ್ಜಿ, ನಿಮ್ಮಜ್ಜಿ ಎಂದು ಮೇಜು ಗುದ್ದುತ್ತಿದ್ದರು. ಡೆಬ್ರಾ ಕುರ್ಚಿ ಎಳೆದು ಕುಳಿತಳು.

"ತಾಟು ತಾಲ್ಯಾಂದು," ಎಂದ ಹ್ಯೂಸ್ಟನ್ ಹುಡುಗ. "ಆಕೀ ಮನೀ ಲೆಕ್ಕಾನ ಲೆಕ್ಕ. ನಿಮ್ಮವರು ಎಷ್ಟು ತಾಸು ಕಾಯ್ತಿದ್ರು, ತಾಲ್ಯಾ?"

ನಿಮ್ಮವರು. ಅಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ನನ್ನತ್ತ ತಿರುಗಿದಳು. ಎಲ್ಲರೂ ತಿರುಗಿದರು.

ಓದುವವರೇ, ಆ ಮನೆಯ ಚಿಲಕ ಹೇಗೆ ಕಿರುಗುಟ್ಟುತ್ತಿತ್ತು ಕೇಳಿ, ಹೇಳುತ್ತೇನೆ. ದೀಪಕ್ಕೆ ಯಾವ ಎಣ್ಣೆ, ಹೇಳುತ್ತೇನೆ. ಆದರೆ ಅಲ್ಲಿ ಮಾಂಸ ಬೇಯುವ ದಿನ ನಮ್ಮವ್ವ ನನ್ನನ್ನು ಆ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಉಂಡ ಮೇಲೆ ಅವರು ಎಷ್ಟು ಹೊತ್ತು ಕಾಯುತ್ತಿದ್ದರೋ ನಾನು ಕಂಡಿಲ್ಲ. ಬಾಗಿಲು ಮುಚ್ಚಿದ್ದು ಅವರಲ್ಲ, ನಾವು.

ಕಥೆ ನನ್ನದು. ನಾಲ್ಕು ತಾಸು ಅನ್ನಬಹುದಿತ್ತು. ಪರೀಕ್ಷೆ ಮಾಡುವವರು ಯಾರು? ಆದರೆ ನಾಳೆ ಈ ಹುಡುಗಿ ತನ್ನ ಮಕ್ಕಳಿಗೆ, ನಮ್ಮವರು ನಾಲ್ಕು ತಾಸು ಕಾಯುತ್ತಿದ್ದರು ಎನ್ನುತ್ತಾಳೆ, ಅವರು ತಮ್ಮ ಮಕ್ಕಳಿಗೆ. ಪಾತ್ರಗಳನ್ನು ಹುಟ್ಟಿಸುವುದು ಬೇರೆ, ಯಾರದೋ ಹಿರಿಯರನ್ನು ಹುಟ್ಟಿಸುವುದು ಬೇರೆ.

"ನಂಗ ಗೊತ್ತಿಲ್ಲವಾ," ಎಂದೆ. ಹರ್ಷಿಣಿ ಅನುವಾದ ಮಾಡಬೇಕಾಗಲಿಲ್ಲ.

ತಾಲ್ಯಾ ತಾಟನ್ನು ಈ ಸಲ ಮೇಜಿನ ನಡುವೆ ಇಟ್ಟಳು, ಕೇಕನ್ನು ಅತ್ತ ಸರಿಸಿ. "ಹಂಗಾದ್ರ ಗೊತ್ತಾಗೋ ತನಕಾ ಕಾಯ್ಬೇಕು," ಎಂದಳು. ತಂದೆಯ ಕಡೆಯ, ಬೆನೆ ಇಸ್ರಾಯೇಲಿಯೇ ಆದ ಯಾರೋ ದೊಡ್ಡಮ್ಮನಿಗೆ ಮೆಸೇಜು ಒತ್ತತೊಡಗಿದಳು.

ತಿಂದರೋ ಇಲ್ಲವೋ? ಉತ್ತರ ಬಂತೋ? ತಾಲ್ಯಾ ಪೋಲೆಂಡಿಗೆ ಹೋದಳೋ? ನೀವು ಕೇಳುತ್ತಲೇ ಇರುತ್ತೀರಿ. ನಾನು ಅವರನ್ನು ಅಲ್ಲಿಂದ ಎಬ್ಬಿಸುವುದಿಲ್ಲ. ತಾಟಿನ ಸುತ್ತ ಕುರ್ಚಿ ಎಳೆದುಕೊಂಡು ಎಲ್ಲರೂ ಕೂತಿದ್ದಾರೆ. ಹೊರಗೆ ಹ್ಯೂಸ್ಟನ್ನಿಗೆ ಹೊರಡಬೇಕಾದ ಕಾರು ಹಾರ್ನ್ ಹೊಡೆಯುತ್ತಿದೆ. ಹುಡುಗನ ಫೋನಿನಲ್ಲಿ ಅವನ ತಾಯಿ: "ಇನ್ನೂ ಎಷ್ಟು ಹೊತ್ತಪ್ಪಾ?"

"ತಡಿಮ್ಮಾ," ಎನ್ನುತ್ತಾನೆ. "ಅದನ್ನ ತಾಲ್ಯಾನ್ನ ಕೇಳ್ಬೇಕು."